ಹಾರೋದು ನಿಂತ ಮೇಲಿನ ಆಟ

ದೀಪಾವಳಿ ಮುಗಿಸಿಕೊಂಡು ಊರಿಂದ ವಾಪಸ್ ಬಂದ ಸೋಮವಾರ. ಅಮ್ಮ ಕಟ್ಟಿಕೊಟ್ಟ ಕಜ್ಜಾಯದ ಡಬ್ಬಿ ಆಫೀಸಿನ ಪ್ಯಾಂಟ್ರಿ ಟೇಬಲ್ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು, ಸುತ್ತ ಐದಾರು ಜನ. ಮಾತು ಹೇಗೋ ವಿನ್ಸ್ ಕಾರ್ಟರ್ ಕಡೆ ತಿರುಗಿತು. ಎರಡು ದಿನದ ಹಿಂದೆ, ನವೆಂಬರ್ 2ರ ಶನಿವಾರ, ಟೊರಾಂಟೊ ರ‍್ಯಾಪ್ಟರ್ಸ್ ತಂಡ ಅವನ 15ನೇ ನಂಬರನ್ನು ಅಂಗಳದ ಮೇಲೆ ಚಾವಣಿಗೆ ಏರಿಸಿತ್ತು. ಇನ್ನು ಮುಂದೆ ಆ ತಂಡದಲ್ಲಿ ಆ ನಂಬರನ್ನು ಬೇರೆ ಯಾರೂ ಹಾಕಿಕೊಳ್ಳೋ ಹಾಗಿಲ್ಲ. ಆ ತಂಡದ ಇತಿಹಾಸದಲ್ಲೇ ಇಂಥ ಗೌರವ ಸಿಕ್ಕಿದ ಮೊದಲ ಆಟಗಾರ ಅವನು.

ನಮ್ಮ ಟೀಮಿನ ಇಪ್ಪತ್ನಾಲ್ಕರ ಹುಡುಗ ಫೋನಿನಲ್ಲಿ ರೀಲ್ಸ್ ನೋಡ್ತಾ ತೀರ್ಪು ಕೊಟ್ಟೇಬಿಟ್ಟ. "ಅಣ್ಣಾ, ಇವನು ನಿಜವಾಗ್ಲೂ ಆಡಿದ್ದು ಮೊದಲ ಐದಾರು ವರ್ಷ ಅಷ್ಟೆ. ಆಮೇಲಿಂದೆಲ್ಲ ಬರೀ ಎಳೆದಾಟ. 2010ಕ್ಕೇ ಮರ್ಯಾದೆಯಾಗಿ ರಿಟೈರ್ ಆಗಿದ್ರೆ ಎಷ್ಟ್ ಚೆನ್ನಾಗಿರ್ತಿತ್ತು." ಉಳಿದವರು ಹೌದೌದು ಅಂತ ತಲೆಯಾಡಿಸಿದರು. ನನ್ನ ಬಾಯಿ ತುಂಬ ಕಜ್ಜಾಯ. ನುಂಗುವಷ್ಟರಲ್ಲಿ ಎಲ್ಲರಿಗೂ ಎರಡು ಗಂಟೆಯ ಮೀಟಿಂಗ್ ನೆನಪಾಯಿತು. ಅವತ್ತು ಕೊಡಲಾಗದ ಉತ್ತರ ಇಲ್ಲಿದೆ.

ಮೊದಲೇ ಹೇಳಿಬಿಡ್ತೀನಿ. ಕಾರ್ಟರನ ಆರಂಭದ ವರ್ಷಗಳು ಕಣ್ಣಿಗೆ ಹಬ್ಬ, ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ಅವನಿಗೆ ಕೈ ಮುಗಿಯಬೇಕು ಅನ್ನಿಸೋದಿದ್ದರೆ ಅದು ಆ ಹುಡುಗ "ಎಳೆದಾಟ" ಅಂದನಲ್ಲ, ಆ ವರ್ಷಗಳಿಗೆ.

ಹಬ್ಬದ ಕಥೆಯಿಂದಲೇ ಶುರು ಮಾಡೋಣ. ನಮ್ಮದು ಅರಕಲಗೂಡು ಕಡೆಯ ಹಳ್ಳಿ. ನಮ್ಮೂರ ಸ್ಕೂಲ್ ಫೀಲ್ಡಲ್ಲಿ ಕಬಡ್ಡಿ, ವಾಲಿಬಾಲ್ ಬಿಟ್ಟರೆ ಬೇರೆ ಆಟ ಇರಲಿಲ್ಲ. ಬ್ಯಾಸ್ಕೆಟ್‌ಬಾಲ್ ರಿಂಗನ್ನು ಹತ್ತಿರದಿಂದ ನೋಡಿದ್ದೇ ಬಿಇಗೆ ಸೇರಿದ ಮೇಲೆ. 2005ರ ಸುಮಾರಿಗೆ ಹಾಸ್ಟೆಲ್ ಲ್ಯಾನಿನಲ್ಲಿ ಒಬ್ಬ ಸೀನಿಯರ್ ಶೇರ್ ಮಾಡಿದ್ದ ಫೋಲ್ಡರಿನಲ್ಲಿ ಒಂದು ಮಸುಕು ಮಸುಕಾದ ವಿಡಿಯೊ ಇತ್ತು. ಫೆಬ್ರವರಿ 2000, ಓಕ್‌ಲ್ಯಾಂಡ್, ಎನ್‌ಬಿಎ ಡಂಕ್ ಸ್ಪರ್ಧೆ. ನೇರಳೆ ಜೆರ್ಸಿಯ ಒಬ್ಬ ಹುಡುಗ ಓಡಿಬಂದು, ಗಾಳಿಯಲ್ಲೇ ಒಂದು ಪೂರ್ತಿ ಸುತ್ತು ತಿರುಗಿ, ತೋಳನ್ನು ಗಾಣದ ಹಾಗೆ ಬೀಸಿ ಚೆಂಡನ್ನು ರಿಂಗಿಗೆ ಬಡಿದ. ಇನ್ನೊಂದು ಸಲ ನೆಗೆದವನು ಕೈಯನ್ನು ಮೊಣಕೈವರೆಗೆ ರಿಂಗಿನೊಳಗೆ ತೂರಿಸಿ, ಕಿಟಕಿ ಸರಳಿಗೆ ಜೋತುಬಿದ್ದ ಚಿಕ್ಕ ಹುಡುಗನ ಹಾಗೆ ನೇತಾಡಿದ. ನೋಡಿದ ಜನಕ್ಕೆ ಒಂದು ಗಳಿಗೆ ಏನಾಯ್ತು ಅಂತಲೇ ಗೊತ್ತಾಗಲಿಲ್ಲ. ಹಾಸ್ಟೆಲ್ಲಿನ ನಮಗೂ ಅದೇ ಗತಿ. ಆ ರಾತ್ರಿ ಅದನ್ನು ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಿಡ್ನಿ ಒಲಿಂಪಿಕ್ಸ್. ಫ್ರಾನ್ಸ್ ವಿರುದ್ಧದ ಪಂದ್ಯದಲ್ಲಿ ಎದುರಿಗೆ ನಿಂತಿದ್ದವನು ಫ್ರೆಡೆರಿಕ್ ವೈಸ್, 2.18 ಮೀಟರ್ ಎತ್ತರದ ಆಳು. ಕಾರ್ಟರ್ ಅವನನ್ನು ಬಳಸಿಕೊಂಡು ಹೋಗಲಿಲ್ಲ, ಅವನ ತಲೆ ಮೇಲಿಂದಲೇ ಹಾರಿ ಚೆಂಡನ್ನು ಒಳಗೆ ಬಡಿದ. ಫ್ರೆಂಚ್ ಪತ್ರಿಕೆಗಳು ಅದಕ್ಕೆ "ಸಾವಿನ ಡಂಕ್" ಅಂತ ಹೆಸರಿಟ್ಟವು. 2000-01ರ ಸೀಸನ್ನಿನಲ್ಲಿ ಅವನ ಸರಾಸರಿ ಪಂದ್ಯಕ್ಕೆ 27.6 ಅಂಕ. 2001ರ ಪ್ಲೇಆಫ್‌ನಲ್ಲಿ ಫಿಲಡೆಲ್ಫಿಯ ವಿರುದ್ಧ ಒಂದೇ ಪಂದ್ಯದಲ್ಲಿ 50 ಅಂಕ ಹೊಡೆದ, ಅದರಲ್ಲಿ ಒಂಬತ್ತು ಮೂರಂಕದ ಹೊಡೆತಗಳು. ಹಾಕಿ ಬಿಟ್ಟರೆ ಬೇರೇನೂ ಕಾಣದ ದೇಶದಲ್ಲಿ ಹುಡುಗರು ಬ್ಯಾಸ್ಕೆಟ್‌ಬಾಲ್ ಹಿಡಿದು ಬೀದಿಗಿಳಿದರು. ಕೆನಡಾದಿಂದ ಎನ್‌ಬಿಎಗೆ ಹೋದ ಒಂದು ತಲೆಮಾರಿನ ಆಟಗಾರರು ತಾವು ಅವನನ್ನು ನೋಡಿ ಬೆಳೆದವರು ಅಂತ ಇವತ್ತಿಗೂ ಹೇಳ್ತಾರೆ.

ರೀಲ್ಸ್ ಇಲ್ಲಿಗೆ ಮುಗಿಯುತ್ತೆ. ಜೀವನ ಮುಗಿಯೋದಿಲ್ಲ.

ಆ ಫಿಲಡೆಲ್ಫಿಯ ಸರಣಿಯ ಏಳನೇ ಪಂದ್ಯದಲ್ಲಿ, 2001ರ ಮೇ 20ರಂದು, ಟೊರಾಂಟೊ ಒಂದು ಅಂಕ ಹಿಂದಿತ್ತು. 88-87. ಕೊನೆಯ ಹೊಡೆತ ಕಾರ್ಟರನದ್ದು, ತಪ್ಪಿತು. ಅವತ್ತು ಬೆಳಿಗ್ಗೆ ಅವನು ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ಹೋಗಿ ಬಂದಿದ್ದ ಅಂತ ಜನ ವರ್ಷಗಟ್ಟಲೆ ಆಡಿಕೊಂಡರು. ಅದರಲ್ಲಿ ತಪ್ಪೇನಿದೆಯೋ ನನಗಂತೂ ಕಾಣಿಸೋದಿಲ್ಲ. ಮನೆಗೆ ಮೊದಲ ಡಿಗ್ರಿ ತಂದ ನನ್ನಂಥವನ ಹತ್ತಿರ ಆ ವಾದ ನಡೆಯೋದೂ ಇಲ್ಲ. ತಪ್ಪು ಆಗಿದ್ದು ಆಮೇಲೆ.

ಮಂಡಿ ನೋವು, ಗಾಯ, ತಂಡದ ಸೋಲು, ಆಡಳಿತದ ಜೊತೆ ಮುನಿಸು. 2004ರ ಹೊತ್ತಿಗೆ ಅವನಿಗೆ ಟೊರಾಂಟೊ ಸಾಕಾಗಿತ್ತು. 2004-05ರ ಸೀಸನ್ನಿನ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಿ. ಟೊರಾಂಟೊಗೆ ಆಡಿದ 20 ಪಂದ್ಯಗಳಲ್ಲಿ ಸರಾಸರಿ 15.9 ಅಂಕ. ಡಿಸೆಂಬರಿನಲ್ಲಿ ನ್ಯೂಜೆರ್ಸಿ ನೆಟ್ಸ್‌ಗೆ ಹೋದ ಮೇಲೆ ಅದೇ ಸೀಸನ್ನಿನಲ್ಲಿ ಸರಾಸರಿ 27.5. ಅದೇ ಕಾಲು, ಅದೇ ಮಂಡಿ, ಅದೇ ಮನುಷ್ಯ! ಬದಲಾಗಿದ್ದು ಮನಸ್ಸು ಮಾತ್ರ. ಮರುತಿಂಗಳು ಜನವರಿಯಲ್ಲಿ ಟಿವಿ ಸಂದರ್ಶನವೊಂದರಲ್ಲಿ ಹಳೆಯ ಕೋಚ್ ಜಾನ್ ಥಾಮ್ಸನ್ ನೇರವಾಗಿ ಕೇಳಿಯೇಬಿಟ್ಟರು, ಯಾವತ್ತೂ ಪೂರ್ತಿ ಶಕ್ತಿ ಹಾಕಿ ಆಡಿದ್ದೀಯಾ ಅಂತ. ಹಿಂದಿನ ವರ್ಷಗಳಲ್ಲಿ ಇಲ್ಲ ಅಂತ ಒಪ್ಪಿಕೊಂಡ. ಪ್ರತಿಭೆ ಇದ್ದಾಗ ಎಲ್ಲದಕ್ಕೂ ಅಷ್ಟು ದುಡಿಯಬೇಕಾಗಿ ಬರಲಿಲ್ಲ ಅನ್ನೋ ಧಾಟಿಯ ಮಾತು. ಟೊರಾಂಟೊ ಜನ ಅದನ್ನು ಕ್ಷಮಿಸಲಿಲ್ಲ. ಮುಂದೆ ಹತ್ತು ವರ್ಷ ಆ ಊರಿನ ಅಂಗಳಕ್ಕೆ ಅವನು ಕಾಲಿಟ್ಟಾಗಲೆಲ್ಲ, ಅವನ ಕೈಗೆ ಚೆಂಡು ಸಿಕ್ಕಿದಾಗಲೆಲ್ಲ ಊಳಿಟ್ಟರು.

ನಾವು "ಪೀಕ್" ಅಂತ ಕರೆಯೋ ಆ ಕಾಲದಲ್ಲಿ ಅವನು ತನ್ನದೇ ಮಾತಿನ ಪ್ರಕಾರ ಪೂರ್ತಿ ದುಡಿದಿರಲಿಲ್ಲ. ದೇಹ ಕೊಟ್ಟಿದ್ದನ್ನು ಖರ್ಚು ಮಾಡ್ತಿದ್ದ. ಅಪ್ಪ ಮಾಡಿಟ್ಟ ತೋಟದ ಫಸಲು ಮಾರಿ ಬೈಕಲ್ಲಿ ತಿರುಗೋ ಹುಡುಗರು ನಮ್ಮೂರಲ್ಲೂ ಇದ್ದಾರೆ. ನೋಡೋಕೆ ಅವರೂ ಚೆನ್ನಾಗೇ ಕಾಣ್ತಾರೆ.

ನೆಟ್ಸ್‌ನ ವರ್ಷಗಳ ಬಗ್ಗೆ ಹೆಚ್ಚು ಹೇಳೋದಿಲ್ಲ. ಅಲ್ಲೂ ಅವನು ಸ್ಟಾರೇ. 2009ರಲ್ಲಿ ಒರ್ಲ್ಯಾಂಡೊ, 2010ರ ಕೊನೆಗೆ ಫೀನಿಕ್ಸ್. ವಯಸ್ಸು ಮೂವತ್ನಾಲ್ಕು ಮುಟ್ಟಿತ್ತು. ಮೊದಲಿನಂತೆ ನೆಗೆತ ಇಲ್ಲ, ಕಟ್ಟಿಕೊಂಡ ಹೆಸರೆಲ್ಲ ಆ ನೆಗೆತದ ಮೇಲೇ ನಿಂತಿದೆ. ಏನು ಮಾಡಬೇಕು?

ಒಂದು ದಾರಿಯನ್ನು ಅವನ ಹಳೇ ಎದುರಾಳಿ ತೋರಿಸಿದ್ದ. 2001ರ ಆ ಫಿಲಡೆಲ್ಫಿಯ ಸರಣಿಯಲ್ಲಿ ಕಾರ್ಟರ್ 50 ಹೊಡೆದರೆ 54 ಮತ್ತು 52 ಹೊಡೆದಿದ್ದವನು ಅಲೆನ್ ಐವರ್ಸನ್. ಅವನ ಧೈರ್ಯದ ಬಗ್ಗೆ ಎರಡು ಮಾತಿಲ್ಲ, ಆರಡಿಯ ಆಳು ದೈತ್ಯರ ನಡುವೆ ನುಗ್ಗಿ ಆಡ್ತಿದ್ದ. ಆದರೆ 2009ರಲ್ಲಿ ಡೆಟ್ರಾಯಿಟ್ ತಂಡ ಅವನನ್ನು ಬೆಂಚಿನಿಂದ ಇಳಿಸೋಕೆ ಹೊರಟಾಗ, ಅದಕ್ಕಿಂತ ರಿಟೈರ್ ಆಗೋದೇ ಮೇಲು ಅಂದ. ಅದೇ ವರ್ಷ ಮೆಂಫಿಸ್ ಸೇರಿದ, ಅಲ್ಲೂ ಬೆಂಚು, ಮೂರೇ ಪಂದ್ಯಕ್ಕೆ ಎದ್ದು ಹೋದ. ನಾಲ್ಕು ಸಲ ಲೀಗಿನಲ್ಲೇ ಅತಿ ಹೆಚ್ಚು ಸರಾಸರಿ ಅಂಕ ಗಳಿಸಿದವನ ಎನ್‌ಬಿಎ ಬದುಕು 2010ಕ್ಕೆ ಮುಗಿದೇಹೋಯಿತು. ನಮ್ಮ ಹುಡುಗ ಹೇಳೋ "ಮರ್ಯಾದೆಯ ರಿಟೈರ್‌ಮೆಂಟ್" ಇದೇ ಆದರೆ, ಅದರಲ್ಲಿ ಮರ್ಯಾದೆ ಎಷ್ಟು, ಮುನಿಸು ಎಷ್ಟು ಅಂತ ನೀವೇ ಅಳೆದು ನೋಡಿ.

ಕಾರ್ಟರ್ ಹಿಡಿದಿದ್ದು ಬೇರೆ ದಾರಿ. 2011ರ ಡಿಸೆಂಬರಿನಲ್ಲಿ ಡಲ್ಲಾಸ್ ಸೇರಿದ. ನಿಧಾನವಾಗಿ ಬೆಂಚಿಗೆ ಸರಿದ. 2013-14ರಲ್ಲಿ 81 ಪಂದ್ಯ ಆಡಿದ, ಒಂದರಲ್ಲೂ ಮೊದಲ ಐವರಲ್ಲಿ ಅವನಿರಲಿಲ್ಲ. ಎಂಟು ಸಲ ಆಲ್‌ಸ್ಟಾರ್ ಆದವನು ಆಟ ಶುರುವಾದಾಗ ಟವೆಲ್ ಹೊದ್ದು ಕೂತಿರ್ತಿದ್ದ.

ಬೆಂಚಿನಿಂದ ಆಡೋದು ಅಂದರೆ ಏನು ಅಂತ ಆಟ ಆಡದವರಿಗೆ ಗೊತ್ತಾಗೋದು ಕಷ್ಟ. ಸ್ಟಾರ್ ಆಟಗಾರನ ಕೈಯಲ್ಲಿ ಮೂವತ್ತೈದು ನಿಮಿಷ ಚೆಂಡು ಓಡಾಡ್ತಿರುತ್ತೆ. ಮೊದಲ ನಾಲ್ಕು ಹೊಡೆತ ತಪ್ಪಿದರೂ ಐದನೆಯದು ಇದ್ದೇ ಇರುತ್ತೆ, ಮೈ ಬಿಸಿಯಾಗುತ್ತೆ, ಕೈ ಪಳಗುತ್ತೆ. ಬೆಂಚಿನವನು ಮುಕ್ಕಾಲು ಗಂಟೆ ತಣ್ಣಗೆ ಕೂತಿದ್ದವನು ದಿಢೀರನೆ ಎದ್ದು ಹೋಗಬೇಕು. ಮೂಲೆಯಲ್ಲಿ ನಿಂತು ಕಾಯಬೇಕು. ಚೆಂಡು ಬಂದರೆ ಬಂತು, ಬರದಿದ್ದರೆ ಎದುರಾಳಿಯ ಹಿಂದೆ ಓಡಬೇಕು. ಬಂದ ಒಂದೋ ಎರಡೋ ಚೆಂಡನ್ನು ಆ ಕ್ಷಣಕ್ಕೇ ಹೊಡೆಯಬೇಕು. ತಪ್ಪಿದರೆ ವಾಪಸ್ ಬೆಂಚಿಗೆ. ಇಡೀ ಜೀವನ ಚೆಂಡು ತನ್ನದೇ ಅಂದುಕೊಂಡು ಆಡಿದವನಿಗೆ ಇದು ಹೊಸ ಭಾಷೆ ಕಲಿತ ಹಾಗೆ, ಅದೂ ಮೂವತ್ತೈದರ ಮೇಲೆ.

ಕಲಿತ. ಡಲ್ಲಾಸಿನ ಕೊನೆಯ ಎರಡು ವರ್ಷ ಅವನು ಎತ್ತಿದ ಮೂರಂಕದ ಹೊಡೆತಗಳಲ್ಲಿ ನೂರಕ್ಕೆ ಸುಮಾರು 40 ಒಳಗೆ ಬಿದ್ದವು. ಹಾರಾಟದ ಕಾಲಕ್ಕಿಂತ ಕಮ್ಮಿಯೇನಲ್ಲ ಇದು.

2014ರ ಏಪ್ರಿಲ್ 26. ಡಲ್ಲಾಸ್ ವಿರುದ್ಧ ಸ್ಯಾನ್ ಆಂಟೊನಿಯೊ, ಪ್ಲೇಆಫ್‌ನ ಮೂರನೇ ಪಂದ್ಯ. ಡಲ್ಲಾಸ್ ಎರಡು ಅಂಕ ಹಿಂದೆ, ಗಡಿಯಾರದಲ್ಲಿ ಉಳಿದಿದ್ದು 1.7 ಸೆಕೆಂಡ್. ಮೂಲೆಯಲ್ಲಿ ಕಾರ್ಟರ್, ಮೇಲೆ ಬೀಳೋಕೆ ಬಂದವನು ಮಾನು ಜಿನೊಬಿಲಿ. ಕಾರ್ಟರ್ ಚೆಂಡು ಹಿಡಿದ ತಕ್ಷಣ ಹೊಡೆಯಲಿಲ್ಲ. ಹೊಡೆಯೋ ಹಾಗೆ ಭುಜ ಎತ್ತಿದ ಅಷ್ಟೆ. ಜಿನೊಬಿಲಿ ನೆಗೆದು ಪಕ್ಕಕ್ಕೆ ಹೋದ. ಆಮೇಲೆ ಹೊಡೆದ. 109-108. ಇದ್ದಿದ್ದೇ ಎರಡು ಸೆಕೆಂಡಿಗಿಂತ ಕಮ್ಮಿ, ಅದರಲ್ಲೂ ಅವಸರ ಮಾಡದೆ ಎದುರಾಳಿಗೆ ನೆಗೆಯೋಕೆ ಬಿಟ್ಟು ತಾನು ನೆಲದ ಮೇಲೇ ನಿಂತ! ಇಪ್ಪತ್ನಾಲ್ಕರ ಕಾರ್ಟರ್ ಆಗಿದ್ದರೆ ಏನು ಮಾಡ್ತಿದ್ದನೋ ಗೊತ್ತಿಲ್ಲ. ಮೂವತ್ತೇಳರ ಕಾರ್ಟರಿಗೆ ಏನು ಮಾಡಬೇಕು ಅಂತ ಗೊತ್ತಿತ್ತು. ಆ ಸರಣಿಯನ್ನು ಸ್ಯಾನ್ ಆಂಟೊನಿಯೊ ಏಳು ಪಂದ್ಯ ಆಡಿ ಗೆದ್ದಿತು, ಆ ವರ್ಷದ ಚಾಂಪಿಯನ್ನೂ ಅದೇ. ಚಾಂಪಿಯನ್ನರನ್ನು ಏಳನೇ ಪಂದ್ಯದವರೆಗೆ ಎಳೆದ ಸರಣಿಯಲ್ಲಿ ಈ "ಎಳೆದಾಟ"ದವನ ಪಾಲೂ ಇತ್ತು.

ಆಮೇಲೆ ಐವರ್ಸನ್ ಮೂರೇ ಪಂದ್ಯಕ್ಕೆ ಬಿಟ್ಟುಹೋದ ಅದೇ ಮೆಂಫಿಸ್ಸಿಗೆ ಕಾರ್ಟರ್ ಹೋದ, ಮೂರು ವರ್ಷ ಆಡಿದ. ಅಲ್ಲಿಗೆ ಹೋದ ಮೊದಲ ವರ್ಷ, 2014ರ ನವೆಂಬರಿನಲ್ಲಿ, ಟೊರಾಂಟೊದಲ್ಲಿ ಪಂದ್ಯವಿತ್ತು. ನಡುವೆ ದೊಡ್ಡ ಪರದೆ ಮೇಲೆ ಅವನ ಹಳೇ ಆಟದ ತುಣುಕುಗಳನ್ನು ತೋರಿಸಿದರು. ಹತ್ತು ವರ್ಷ ಊಳಿಟ್ಟ ಜನ ಅವತ್ತು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ಬೆಂಚಿನ ಹತ್ತಿರ ನಿಂತು ಕಣ್ಣೊರೆಸಿಕೊಂಡ. 2016ರಲ್ಲಿ ಲೀಗಿನ ಅತ್ಯುತ್ತಮ ಸಹ ಆಟಗಾರ ಅನ್ನೋ ಪ್ರಶಸ್ತಿ ಬಂತು. ಒಂದು ಕಾಲಕ್ಕೆ ಅರೆಮನಸ್ಸಿನಿಂದ ಆಡಿದೆ ಅಂತ ಒಪ್ಪಿಕೊಂಡ ಅದೇ ಮನುಷ್ಯನಿಗೆ! 2017ರ ಮಾರ್ಚಿನಲ್ಲಿ, ನಲವತ್ತು ತುಂಬಿದ ಮೇಲೆ, ಮಿಲ್ವಾಕಿ ವಿರುದ್ಧ 24 ಅಂಕ ಹೊಡೆದ. ಆರು ಮೂರಂಕದ ಹೊಡೆತ, ಒಂದೂ ತಪ್ಪಲಿಲ್ಲ.

ಈಗ ಎದುರು ವಾದಗಳಿಗೆ ಬರೋಣ, ಅವನ್ನು ಮುಚ್ಚಿಡೋದು ಸರಿಯಲ್ಲ.

ಒಂದು, ಅಂಕ. 27.6 ಇದ್ದದ್ದು ಕೊನೆಯ ಸೀಸನ್ನಿಗೆ 5.0 ಆಯ್ತು. ಹೌದು, ಆಯ್ತು. ಒಂದೇ ಪಂದ್ಯ ಗೆಲ್ಲಬೇಕು, ಯಾವ ಕಾರ್ಟರ್ ಬೇಕು ಅಂತ ಕೇಳಿದರೆ ನಾನೂ 2001ರವನನ್ನೇ ಆರಿಸಿಕೊಳ್ತೀನಿ. ಆದರೆ ಮನುಷ್ಯನ ಬದುಕು ಒಂದೇ ಪಂದ್ಯ ಅಲ್ಲ. ಅವನು ಆಡಿದ್ದು 1,541 ಪಂದ್ಯ.

ಎರಡು, ಉಂಗುರ. ಒಂದೂ ಚಾಂಪಿಯನ್‌ಶಿಪ್ ಗೆಲ್ಲಲಿಲ್ಲ, ಹಾಗಿದ್ಮೇಲೆ ಅಷ್ಟು ವರ್ಷ ಆಡಿ ಏನು ಬಂತು ಅಂತಾರೆ. ಗೆಲ್ಲೋ ತಂಡ ಹುಡುಕಿಕೊಂಡು ಹೋಗಿ ಬೆಂಚಿನ ತುದಿಯಲ್ಲಿ ಕೂತು ಉಂಗುರ ಹಾಕಿಕೊಂಡು ಬಂದವರು ಎನ್‌ಬಿಎಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವನು ಅದನ್ನೂ ಮಾಡಲಿಲ್ಲ. ತನಗೆ ಆಡಬೇಕು, ಸುಮ್ಮನೆ ಕೂತು ಉಂಗುರ ಕಾಯೋದು ಬೇಡ ಅಂತ ಬಹಿರಂಗವಾಗಿಯೇ ಹೇಳಿ, ಸೋಲ್ತಿದ್ದ ಸ್ಯಾಕ್ರಮೆಂಟೊಗೆ, ಆಮೇಲೆ ಇನ್ನೂ ಎಳಸಾಗಿದ್ದ ಅಟ್ಲಾಂಟಾಗೆ ಹೋದ. ರೆಸ್ಯೂಮೆಗೆ ಒಂದು ಸಾಲು ಸೇರಿಸೋದಕ್ಕಿಂತ ಕೆಲಸ ಮಾಡೋದು ಇಷ್ಟ ಅಂದವನನ್ನು ನಾವು ಸೋತವನು ಅಂತ ಕರೀತೀವಿ. ಸಮಸ್ಯೆ ಅವನದ್ದೋ ನಮ್ಮದ್ದೋ?

ಮೂರನೆಯದು ಸ್ವಲ್ಪ ಗಟ್ಟಿ ವಾದ. ತಂಡದಲ್ಲಿ ಹದಿನೈದೇ ಜಾಗ, ಮುದುಕ ಒಂದನ್ನು ಹಿಡಿದು ಕೂತರೆ ಒಬ್ಬ ಹುಡುಗನಿಗೆ ಬಾಗಿಲು ಮುಚ್ಚಿದ ಹಾಗಲ್ಲವೇ? ಇದಕ್ಕೆ ನಮ್ಮೂರಲ್ಲಿ ಉತ್ತರ ಇದೆ. ಹೊಸ ಹೋರಿಯನ್ನು ನೇಗಿಲಿಗೆ ಹೂಡೋವಾಗ ಎರಡು ಹೊಸ ಹೋರಿಗಳನ್ನು ಜೋಡಿ ಕಟ್ಟೋದಿಲ್ಲ. ಒಂದು ಕಡೆ ಪಳಗಿದ ಹಳೇ ಎತ್ತು ಇರಲೇಬೇಕು. ನಮ್ಮಪ್ಪ ಹಾಗೇ ಮಾಡ್ತಿದ್ದರು. ಹೋರಿಯ ಬಲ ಹಳೇ ಎತ್ತಿಗೆ ಇರೋದಿಲ್ಲ. ಆದರೆ ಸಾಲಿನ ತುದಿಯಲ್ಲಿ ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಗೊತ್ತು. ಎರಡು ಮಳೆಗಾಲ ಕಳೆಯೋ ಹೊತ್ತಿಗೆ ಹೋರಿಗೂ ಗೊತ್ತಾಗಿರುತ್ತೆ. ಅಟ್ಲಾಂಟಾದಲ್ಲಿ ಕಾರ್ಟರನ ಪಕ್ಕದಲ್ಲಿ ಇದ್ದವನು ಟ್ರೇ ಯಂಗ್. ಅವನು ಹುಟ್ಟಿದ್ದು 1998ರ ಸೆಪ್ಟೆಂಬರಿನಲ್ಲಿ, ಕಾರ್ಟರ್ ಎನ್‌ಬಿಎಗೆ ಆಯ್ಕೆಯಾದ ಮೂರು ತಿಂಗಳಿಗೆ. ಕಾರ್ಟರ್ ಅಟ್ಲಾಂಟಾದಲ್ಲಿ ಆಡಿದ್ದು ಎರಡು ವರ್ಷ. ಅಷ್ಟರಲ್ಲಿ ಯಂಗ್ ಆಲ್‌ಸ್ಟಾರ್ ಆಗಿದ್ದ. ಅದೆಲ್ಲ ಕಾರ್ಟರನ ಕೃಪೆ ಅಂತ ನಾನು ಹೇಳೋದಿಲ್ಲ. ಬಾಗಿಲು ಮುಚ್ಚಿದ ಅಂತ ಮಾತ್ರ ನೀವೂ ಹೇಳಬೇಡಿ.

ಇಷ್ಟಕ್ಕೂ ಒಬ್ಬ ಅಮೆರಿಕನ್ ಆಟಗಾರನ ಪರವಾಗಿ ನಾನ್ಯಾಕೆ ಇಷ್ಟು ಕಿರುಚಾಡ್ತಿದ್ದೀನಿ? ನಿಜ ಹೇಳ್ಬೇಕು ಅಂದರೆ ನನಗೀಗ ಮೂವತ್ತೆಂಟು. ನಮ್ಮ ಲೈನಿನಲ್ಲಿ ಮೂವತ್ತೈದು ದಾಟಿ ಇನ್ನೂ ಕೋಡ್ ಬರೀತಿದ್ದೀನಿ ಅಂದರೆ ಜನ ಅನುಕಂಪದಿಂದ ನೋಡ್ತಾರೆ. "ಇನ್ನೂ ಮ್ಯಾನೇಜರ್ ಆಗ್ಲಿಲ್ವಾ?" ಅಂತ ಊರಲ್ಲಿ ಚಿಕ್ಕಪ್ಪ ಕೇಳ್ತಾರೆ, ಇಲ್ಲಿ ಎಚ್ಆರ್ ಕೇಳ್ತಾರೆ. ಪ್ಯಾಂಟ್ರಿಯಲ್ಲಿ ಆ ಹುಡುಗ ಕಾರ್ಟರ್ ಬಗ್ಗೆ ಹೇಳಿದ ಮಾತು ನನಗೆ ಎಲ್ಲಿ ನಾಟಿತು ಅಂತ ಈಗ ನಿಮಗೆ ಗೊತ್ತಾಗಿರಬಹುದು.

ಇಪ್ಪತ್ತಾರರಲ್ಲಿ ನಾನೂ ಹಾರ್ತಿದ್ದೆ. ಒಂದು ಶುಕ್ರವಾರ ರಾತ್ರಿ ಕ್ಲೈಂಟಿನ ಸಿಸ್ಟಮ್ ಕೈಕೊಟ್ಟಾಗ ಒಬ್ಬನೇ ಕೂತು ಬೆಳಗಿನ ಜಾವದ ಹೊತ್ತಿಗೆ ಎಬ್ಬಿಸಿ ನಿಲ್ಲಿಸಿದೆ. ಮೇಲ್‌ನಲ್ಲಿ ಹೊಗಳಿಕೆ, ಒಂದು ಶೀಲ್ಡು, ಎಲ್ಲರೆದುರು ಚಪ್ಪಾಳೆ. ಆ ರಾತ್ರಿ ಬರೆದ ಕೋಡಿಗೆ ಒಂದೇ ಒಂದು ಸಾಲು ವಿವರಣೆ ಹಾಕಿರಲಿಲ್ಲ, ಒಂದು ಟೆಸ್ಟೂ ಬರೆದಿರಲಿಲ್ಲ. ಮೂರು ವರ್ಷ ಆದ ಮೇಲೆ ಅದು ಮತ್ತೆ ಒಡೆಯಿತು. ಅಷ್ಟೊತ್ತಿಗೆ ಅದನ್ನು ನೋಡಿಕೊಳ್ತಿದ್ದವಳು ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಒಬ್ಬ ಹುಡುಗಿ. ಅವಳು ಎರಡು ರಾತ್ರಿ ನಿದ್ದೆಗೆಟ್ಟಳು, ಬೈಸಿಕೊಂಡಳು. ಆ ಕೋಡ್ ನನ್ನದು ಅಂತ ಮೀಟಿಂಗಿನಲ್ಲಿ ಬಾಯಿಬಿಟ್ಟು ಹೇಳೋ ಧೈರ್ಯ ಅವತ್ತು ನನಗೆ ಬರಲಿಲ್ಲ. ಶೀಲ್ಡು ಇನ್ನೂ ಮನೆಯ ಶೋಕೇಸಿನಲ್ಲಿದೆ. ನೋಡಿದಾಗಲೆಲ್ಲ ಅವಳ ಮುಖ ನೆನಪಾಗುತ್ತೆ.

ಈಗ ನಾನು ದಿನಕ್ಕೆ ಬರೆಯೋದು ಕಮ್ಮಿ. ಬರೆದದ್ದನ್ನು ಬೇರೆಯವರು ಓದೋ ಹಾಗೆ ಬರೀತೀನಿ. ಇಪ್ಪತ್ನಾಲ್ಕರ ಹುಡುಗನ ಕೋಡ್ ನೋಡಿ, ಇಲ್ಲಿ ರಾತ್ರಿ ಎರಡು ಗಂಟೆಗೆ ಯಾರೋ ಅಳ್ತಾರೆ ಕಣೋ, ಬದಲಾಯಿಸು ಅಂತೀನಿ. ಅದಕ್ಕೆ ಶೀಲ್ಡು ಕೊಡೋದಿಲ್ಲ. ರಾತ್ರಿ ಎರಡು ಗಂಟೆಗೆ ಯಾರೂ ಏಳದೇ ಇದ್ದರೆ ಅದಕ್ಕೆ ರೀಲ್ಸೂ ಆಗೋದಿಲ್ಲ. ಆದರೆ ನನ್ನನ್ನು ಅಳೆಯೋದಿದ್ದರೆ ಇದರಿಂದ ಅಳೆಯಿರಿ ಅಂತೀನಿ ನಾನು. ಮೂವತ್ತೈದಕ್ಕೆ ಮನುಷ್ಯನ ಗಡುವು ಮುಗೀತು ಅಂತ ತೀರ್ಮಾನ ಮಾಡಿದವರು ಯಾವ ಗದ್ದೆ ಉತ್ತಿದ್ದಾರೋ ನನಗೆ ಗೊತ್ತಿಲ್ಲ.

ಕೊನೆಗೆ ಎರಡು ಚಿತ್ರ. 2018ರ ನವೆಂಬರ್ 21, ಅಟ್ಲಾಂಟಾ. ಎದುರಾಳಿ ಟೊರಾಂಟೊ. ಕಾರ್ಟರ್ ಪಂದ್ಯದ ಕೊನೆಯ ಸೆಕೆಂಡುಗಳಲ್ಲಿ 25,000ನೇ ಅಂಕ ಮುಟ್ಟಿದ. ಮುಟ್ಟಿದ್ದು ಡಂಕ್ ಹೊಡೆದು, ನಲವತ್ತೊಂದರ ವಯಸ್ಸಿನಲ್ಲಿ, ತನ್ನ ಹಳೇ ತಂಡದ ಎದುರು. ಹಾರೋದನ್ನು ಅವನು ಮರೆತಿರಲಿಲ್ಲ ನೋಡಿ, ಬೇಕಾದಾಗ ಮಾತ್ರ ತೆಗೀತಿದ್ದ.

ಇನ್ನೊಂದು 2020ರ ಮಾರ್ಚ್ 11. ಅಟ್ಲಾಂಟಾ, ನ್ಯೂಯಾರ್ಕ್ ವಿರುದ್ಧ. ಪಂದ್ಯ ನಡೀತಿರುವಾಗಲೇ ಕೊರೊನಾದಿಂದ ಲೀಗನ್ನೇ ನಿಲ್ಲಿಸ್ತಿದ್ದಾರೆ ಅನ್ನೋ ಸುದ್ದಿ ಬಂತು. ಮತ್ತೆ ಯಾವಾಗ ಆಟ, ಯಾರಿಗೂ ಗೊತ್ತಿಲ್ಲ. ಹೆಚ್ಚುವರಿ ಸಮಯದ ಕೊನೆಯಲ್ಲಿ ಅಟ್ಲಾಂಟಾ ಸೋತಾಗಿತ್ತು. ಜನ ಕಾರ್ಟರ್ ಬೇಕು ಅಂತ ಕೂಗಿದರು. ಕೋಚ್ ಬೆಂಚಿನಿಂದ ಅವನನ್ನು ಕಳಿಸಿದರು. ಇಪ್ಪತ್ತೆರಡು ಸೀಸನ್, ನಾಲ್ಕು ದಶಕಗಳಲ್ಲಿ ಆಡಿದ ಮೊದಲ ಎನ್‌ಬಿಎ ಆಟಗಾರ, ಮೂರಂಕದ ಗೆರೆಯ ಆಚೆ ನಿಂತು ಚೆಂಡು ಹಿಡಿದು ಹೊಡೆದ. ಬಿತ್ತು. ಅದೇ ಅವನ ಕೊನೆಯ ಹೊಡೆತ.

ಆ ವಿಡಿಯೊ ನಮ್ಮ ಹುಡುಗನಿಗೆ ಕಳಿಸಿದ್ದೀನಿ. ಡಂಕ್ ಸ್ಪರ್ಧೆಯದ್ದು ನೋಡಿದಷ್ಟೇ ಗಮನ ಕೊಟ್ಟು ನೋಡಲಿ. ಅದರಲ್ಲಿ ಕಾರ್ಟರನ ಕಾಲು ನೆಲ ಬಿಡೋದು ಒಂದು ಗೇಣು ಅಷ್ಟೆ.